ಏಳು ಗಂಟೆಯ ಹಳದಿ ಚೀಟಿ

ನನ್ನ ಕೈಗೆ ಬಂದ ಕಂಪ್ಯೂಟರಿನಿಂದ ಒಂದು ಫೋಟೊ, ಒಂದು ಹಾಡು, ಒಂದು ಪತ್ರ ಕೂಡ ಕಳೆದುಹೋಗಿಲ್ಲ ಎಂದು ಹದಿಮೂರು ವರ್ಷ ಜಂಬ ಕೊಚ್ಚಿಕೊಂಡವಳು ನಾನು. ಈಗ ಆ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳುತ್ತೇನೆ.

ನನ್ನ ಹೆಸರು ಗ್ರಿಸೆಲ್ದಾ. ರೊಸಾರಿಯೊದ ಸಲಾದಿಶೊ ಬಡಾವಣೆಯಲ್ಲಿ ನೆರೆಹೊರೆಯವರೇ ಕೂಡಿ ನಡೆಸುವ ವಾಚನಾಲಯವೊಂದಿದೆ. ಅದರ ಹಿಂದಿನ ಕೋಣೆಯಲ್ಲಿ ಎಂಟು ಕಂಪ್ಯೂಟರುಗಳು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದಂದಿನಿಂದ ಅವುಗಳಿಗೆ ನಾನೇ ಒಡತಿ. ವಾರಕ್ಕೆರಡು ದಿನ ಪಾಠ ಹೇಳುತ್ತೇನೆ. ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ಮಾಟೆ ಚಹಾದ ಬಟ್ಟಲನ್ನು ಕೀಬೋರ್ಡಿನ ಹತ್ತಿರ ತಂದವರನ್ನು ವಯಸ್ಸು ನೋಡದೆ ಹೊರಗೆ ಕಳಿಸಿದ್ದೇನೆ. ನನ್ನ ಸ್ವಂತ ಕಂಪ್ಯೂಟರಿನ ಪರದೆ ಬೂದು ಬಣ್ಣದ್ದು. ಅದರ ಮೇಲೆ ಒಂದೇ ಒಂದು ಚಿತ್ರವಿಲ್ಲ. ಕೆಲಸ ಮಾಡುವ ಜಾಗ ಖಾಲಿಯಿರಬೇಕು ಎಂಬುದು ನನ್ನ ಹಟ.

ಒತಿಲಿಯಾಳ ಹಟ ಅದಕ್ಕೆ ತದ್ವಿರುದ್ಧ. ಅವಳು ನಮ್ಮ ಎದುರು ಸಾಲಿನಲ್ಲಿ ನಲವತ್ತು ವರ್ಷ ಗುಂಡಿ, ಲೇಸು, ರಿಬ್ಬನ್ನಿನ ಅಂಗಡಿ ಇಟ್ಟವಳು. ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗದೆ ನನ್ನ ಪಾಠಕ್ಕೆ ಬಂದಳು. ಎರಡನೆಯ ದಿನ ಪರದೆಯ ಚಿತ್ರ ಬದಲಾಯಿಸುವುದು ಹೇಗೆಂದು ಕಲಿತಳು, ಅಲ್ಲಿಗೆ ನನ್ನ ಪಾಠದ ಕತೆ ಮುಗಿಯಿತು. ಉಳಿದವರು ಪತ್ರ ಬರೆಯುವುದು, ಬ್ಯಾಂಕಿಗೆ ಅರ್ಜಿ ತುಂಬುವುದು ಕಲಿಯುತ್ತಿದ್ದರೆ ಇವಳು ಗಡಿಯಾರದ ಬಣ್ಣ ಬದಲಾಯಿಸುತ್ತ, ಕಿಟಕಿಗಳ ಅಂಚಿಗೆ ಲೇಸಿನ ಚಿತ್ರ ಅಂಟಿಸುತ್ತ ಕೂತಿರುತ್ತಿದ್ದಳು. ಮೌಸಿನ ಬಾಣದ ಜಾಗದಲ್ಲಿ ಒಂದು ಹೊಲಿಗೆ ಸೂಜಿ. ಫೋಲ್ಡರುಗಳ ಚಿತ್ರಕ್ಕೆ ತನ್ನ ಡಬ್ಬಿಯ ಗುಂಡಿಗಳನ್ನೇ ಸ್ಕ್ಯಾನ್ ಮಾಡಿ ಹಾಕಿದ್ದಳು. ಕಿಟಕಿ ಹಿಡಿದು ಎಳೆದರೆ ಅದು ಜೆಲ್ಲಿಯ ಹಾಗೆ ನಡುಗುತ್ತಿತ್ತು, ಅವಳು ನಗುತ್ತಿದ್ದಳು.

"ಇದು ಕಂಪ್ಯೂಟರೋ ನಿನ್ ಅಂಗಡೀನೋ?" ಎಂದು ನಾನು ಎಲ್ಲರೆದುರು ಕೇಳಿದ್ದೆ.

"ಅಂಗಡಿ ಮುಚ್ಚಿದೆ ಕಣೇ, ಸಾಮಾನು ಎಲ್ಲಿಡ್ಲಿ?" ಎಂದಳು. "ನಿನ್ ಪರದೆ ನೋಡಿದ್ರೆ ಆಸ್ಪತ್ರೆ ಗೋಡೆ ನೆನಪಾಗತ್ತೆ. ಅಲ್ಲಿ ಯಾರ್ ಬದುಕ್ತಾರೆ?"

ಹೀಗೆ ಆರು ವರ್ಷ ಕಿತ್ತಾಡಿದೆವು. ಅವಳಷ್ಟು ಹತ್ತಿರದವರು ನನಗೆ ಬೇರೆ ಯಾರೂ ಇರಲಿಲ್ಲ. ಇದನ್ನು ಅವಳಿಗೆ ಒಂದು ದಿನವೂ ಹೇಳಲಿಲ್ಲ.

ಹೋದ ವರ್ಷ ಜುಲೈನಲ್ಲಿ, ನಮ್ಮ ಕಡೆಯ ಚಳಿಗಾಲದಲ್ಲಿ, ಅವಳಿಗೆ ಹೊಟ್ಟೆಯ ಕಾಯಿಲೆ ಎಂದು ಗೊತ್ತಾಯಿತು. ಎಂಥದ್ದು ಎಂದು ಗೊತ್ತಾದಾಗ ಮಾಡುವುದಕ್ಕೇನೂ ಉಳಿದಿರಲಿಲ್ಲ. ಮೊದಮೊದಲು ದಿನವೂ ಹೋಗುತ್ತಿದ್ದೆ. ಅವಳು ಹಾಸಿಗೆಯಲ್ಲಿ ಒರಗಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಟೈಪು ಮಾಡುತ್ತಿರುತ್ತಿದ್ದಳು. ನಾನು ಬಂದರೆ ಮುಚ್ಚಿಡುತ್ತಿದ್ದಳು. ಆಮೇಲೆ ಅವಳು ದಿನದಿಂದ ದಿನಕ್ಕೆ ಸೊರಗುವುದನ್ನು ನೋಡಲಾಗದೆ ನಾನೇ ಕಡಿಮೆ ಮಾಡಿದೆ. ವಾಚನಾಲಯದಲ್ಲಿ ಕೆಲಸ ಜಾಸ್ತಿ ಎಂದು ಹೇಳಿದೆ. ಅಷ್ಟೇನೂ ಇರಲಿಲ್ಲ.

ನವೆಂಬರಿನ ಮೊದಲ ವಾರ ಫೋನು ಮಾಡಿದಳು. "ಗ್ರಿಸೆಲ್ದಾ, ಬಾರೇ ಒಂದ್ಸಲ. ನನ್ ಕಂಪ್ಯೂಟರಲ್ಲಿ ಒಂದ್ ಕೆಲ್ಸ ಮಾಡಿ ಮುಗಿಸ್ದೆ. ನೀನೇ ಹೇಳಿಕೊಟ್ಟಿದ್ದು. ನೋಡಿ ಬಯ್ಯುವಂತೆ."

"ಮತ್ತೆ ಹೂವು ಹಾಕಿದ್ದೀಯೇನೇ?"

"ಹೂವೂ ಇದೆ."

"ಹಾಗಾದ್ರೆ ಮುಂದಿನ್ ವಾರ ಬಂದು ಬಯ್ತೀನಿ," ಎಂದೆ.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ, ಇಪ್ಪತ್ತೊಂದನೇ ತಾರೀಕು, ಅವಳು ಹೋದಳು.

ಪ್ರತಿ ವರ್ಷ ಏಪ್ರಿಲಿನ ನಾಲ್ಕನೆಯ ಶನಿವಾರ ನಮ್ಮಲ್ಲಿ ಕಂಪ್ಯೂಟರ್ ದಿನ. ಜನ ತಮ್ಮ ಹಳೆಯ, ತೆವಳುವ ಯಂತ್ರಗಳನ್ನು ಹೊತ್ತು ತರುತ್ತಾರೆ. ನಾವು ಒಳಗಿನ ಸಾಮಾನನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಂಡು, ಡಿಸ್ಕನ್ನು ಒರೆಸಿ, ಹೊಸ ಬಿಟ್ಟಿ ತಂತ್ರಾಂಶ ಹಾಕಿ, ಸಾಮಾನನ್ನು ಹಿಂದಿಟ್ಟು ಕೊಡುತ್ತೇವೆ. ಯಾರೋ ಹಿಟ್ಟು ಕಲಸಿ ಕರಿದ ರೊಟ್ಟಿ ತಂದಿರುತ್ತಾರೆ. ಸಂಜೆಯ ತನಕ ಸರದಿ ಮುಗಿಯುವುದಿಲ್ಲ.

ಈ ನಕಲು ಮಾಡುವುದರಲ್ಲಿ ಒಂದು ಹೊಂಡವಿದೆ, ಅದರ ಬಗ್ಗೆ ಹದಿಮೂರು ವರ್ಷದಿಂದ ಎಲ್ಲರಿಗೂ ಎಚ್ಚರಿಕೆ ಹೇಳಿದವಳೇ ನಾನು. ನಮ್ಮ ಈ ಯಂತ್ರಗಳಲ್ಲಿ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟರೆ ಆ ಫೈಲು ಕಣ್ಣಿಗೆ ಕಾಣುವುದಿಲ್ಲ. ಪರದೆಯ ಬಣ್ಣ, ಚಿತ್ರಗಳ ಜಾಗ, ಗಡಿಯಾರ, ಯಾವಾಗ ಏನು ತೆರೆಯಬೇಕು ಎಂಬ ಸೂಚನೆ, ಹೀಗೆ ಮನುಷ್ಯ ತನ್ನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡೆಲ್ಲ ಆ ಚುಕ್ಕಿಯ ಹಿಂದೆ ಇರುತ್ತದೆ. ನಕ್ಷತ್ರದ ಗುರುತು ಒತ್ತಿ 'ಎಲ್ಲವನ್ನೂ ನಕಲು ಮಾಡು' ಎಂದರೆ ಯಂತ್ರ ಎಲ್ಲವನ್ನೂ ಮಾಡುತ್ತದೆ, ಚುಕ್ಕಿಯವನ್ನು ಬಿಟ್ಟು. ಅದಕ್ಕೆ ಇನ್ನೊಂದು ಸಾಲು ಬೇರೆ ಬರೆಯಬೇಕು. ನಮ್ಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ: ಮೊದಲು ನಕ್ಷತ್ರ, ಆಮೇಲೆ ಚುಕ್ಕಿ. ಬರೆದದ್ದು ನಾನು.

ಆ ಶನಿವಾರ ಹನ್ನೊಂದರ ಹೊತ್ತಿಗೆ ಒತಿಲಿಯಾಳ ಗಂಡ ಎವರಿಸ್ತೊ ಬಂದರು. ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಮನುಷ್ಯ, ಮಾತು ಕಡಿಮೆ, ಕಂಪ್ಯೂಟರೆಂದರೆ ಹೆದರಿಕೆ. ಹೆಂಡತಿಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಸಂತೆಯ ಚೀಲದಲ್ಲಿಟ್ಟು ತಂದಿದ್ದರು. ಬೇರೆ ಮೇಜುಗಳಲ್ಲಿ ಜಾಗವಿದ್ದರೂ ನನ್ನ ಮುಂದಿನ ಸರದಿಯಲ್ಲೇ ಒಂದೂವರೆ ಗಂಟೆ ನಿಂತರು.

"ನಿಧಾನ ಆಗಿದೆ, ದೋನ್ಯಾ ಗ್ರಿಸೆಲ್ದಾ. ಬೆಳಗ್ಗೆ ಹೊತ್ತು ತುಂಬ ಕಾಯಿಸತ್ತೆ." ದೋನ್ಯಾ, ದೋನ್ ಎಂದರೆ ನಮ್ಮಲ್ಲಿ ಅಮ್ಮ, ಅಯ್ಯ ಎಂದ ಹಾಗೆ.

ಆನ್ ಮಾಡಿದೆ. ನಾಲ್ಕು ನಿಮಿಷವಾದ ಮೇಲೆ ಪರದೆಯ ತುಂಬ ಕೆಂಪು ದಾಸವಾಳ ಅರಳಿತು. ಮೇಲೆ ಐದು ದೊಡ್ಡ ಗುಂಡಿಗಳು. ಮೌಸಿನ ಜಾಗದಲ್ಲಿ ಸೂಜಿ. ಆ ಹೂವನ್ನು ಇನ್ನೊಂದು ನಿಮಿಷ ನೋಡಿದರೆ ಅಷ್ಟು ಜನರೆದುರು ಅತ್ತುಬಿಡುತ್ತೇನೆ ಎನಿಸಿತು. ಅಳುವುದಕ್ಕಿಂತ ಸಿಡುಕುವುದು ನನಗೆ ಯಾವತ್ತೂ ಸುಲಭ.

"ಇದರಲ್ಲಿ ಅವಳು..." ಎವರಿಸ್ತೊ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನೀವು ಸ್ವಲ್ಪ ನೋಡ್ತೀರಾ?"

"ನೋಡೋಕೇನಿದೆ, ದೋನ್ ಎವರಿಸ್ತೊ? ಹೂವು ತಾನೆ? ಈ ಅಲಂಕಾರದ ಭಾರಕ್ಕೇ ಇದು ತೆವಳ್ತಾ ಇರೋದು. ಕೂತ್ಕೊಳ್ಳಿ ಅಲ್ಲಿ, ಹೊಸದರ ಹಾಗೆ ಮಾಡಿ ಕೊಡ್ತೀನಿ."

ಅವರು ಏನೋ ಹೇಳಹೊರಟು, ಹಿಂದಿನವರು ಗೊಣಗುವುದನ್ನು ಕೇಳಿ ಹೋಗಿ ಕೂತರು.

ಪಕ್ಕದ ಮೇಜಿನಲ್ಲಿ ನಸರೆನೊ ಇದ್ದ. ಬಸ್ಸಿನ ಡ್ರೈವರು, ನಮ್ಮ ಹಳೆಯ ಸ್ವಯಂಸೇವಕ, ನನ್ನ ಬೈಗುಳಕ್ಕೆ ಒಗ್ಗಿದವನು. ನಾನು ನಕ್ಷತ್ರದ ಸಾಲು ಬರೆದು ಒತ್ತಿದ್ದನ್ನು ಅವನು ನೋಡಿದ. ಫೋಟೊ, ಹಾಡು, ಪತ್ರ ಎಲ್ಲ ನಕಲಾಗಿ ಮುಗಿಯಿತು.

"ಚುಕ್ಕಿ?" ಎಂದ.

"ಬೇಡ. ಬರೀ ಹೂವು ಗುಂಡಿ. ಮತ್ತೆ ಅದನ್ನೇ ತುಂಬಿದ್ರೆ ಮತ್ತೆ ನಿಧಾನ ಆಗತ್ತೆ."

"ನಾಲ್ಕೇ ನಿಮಿಷದ್ ಕೆಲ್ಸ, ಬಾಸ್. ಗೋಡೆ ಮೇಲೆ ಬೇರೆ ಬರ್ದಿದೆ."

"ಗೋಡೆ ಮೇಲೆ ಬರೆದೋಳು ನಾನೇ ಕಣಯ್ಯ. ನೀನ್ ನಿನ್ ಬಸ್ ನೋಡ್ಕೋ."

ಅವನು ನಕ್ಕು ತನ್ನ ಕೆಲಸಕ್ಕೆ ತಿರುಗಿದ. ನಾನು ಡಿಸ್ಕ್ ಒರೆಸಿದೆ.

ಮರೆತಿದ್ದರೆ ಮರೆವೆಂದು ಹೇಳಬಹುದಿತ್ತು. ನಾನು ಮರೆಯಲಿಲ್ಲ. ಅವಳ ಜತೆಗಿನ ಆರು ವರ್ಷದ ಜಗಳದಲ್ಲಿ, ಅವಳು ಇಲ್ಲದ ಹೊತ್ತಿನಲ್ಲಿ, ನಾನು ಗೆದ್ದೆ. ಮಧ್ಯಾಹ್ನ ಎರಡಕ್ಕೆ ಎವರಿಸ್ತೊ ಕೈಗೆ ಬೂದು ಪರದೆಯ ಲ್ಯಾಪ್‌ಟಾಪ್ ಕೊಟ್ಟೆ. ಇಪ್ಪತ್ತು ಸೆಕೆಂಡಿನಲ್ಲಿ ತೆರೆಯುವುದನ್ನು ತೋರಿಸಿದೆ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಥ್ಯಾಂಕ್ಸ್ ಹೇಳಿ ಟವೆಲಿನಲ್ಲಿ ಸುತ್ತಿಕೊಂಡರು.

ಸೋಮವಾರ ವಾಚನಾಲಯದ ಬಾಗಿಲು ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಕೂತಿದ್ದರು. ಚೀಲ ತೊಡೆಯ ಮೇಲೆ.

"ದೋನ್ಯಾ, ಒತಿಲಿಯಾ ಬರ್ಲಿಲ್ಲ," ಎಂದರು.

ಪಾಪ, ತಲೆ ಕೆಟ್ಟಿದೆ ಅಂದುಕೊಂಡೆ. ಒಳಗೆ ಕರೆದು ಕೂರಿಸಿದೆ.

"ನಿನ್ನೆ ಏಳು ಗಂಟೆಗೆ ಬರ್ಲಿಲ್ಲ. ಮಧ್ಯಾಹ್ನದ್ ತನಕ ಕಾದೆ. ಭಾನುವಾರ, ತಡವಾಗಿ ಬರಬೋದು ಅಂತ. ಇವತ್ತೂ ಬರ್ಲಿಲ್ಲ. ಎಲ್ಲಿ ಒತ್ತಬೇಕು ಅಂತ ಹೇಳ್ಕೊಡ್ತೀರಾ? ಮೊದ್ಲು ನಾನು ಏನೂ ಒತ್ತಬೇಕಾಗಿರ್ಲಿಲ್ಲ. ತಾನೇ ಬರ್ತಿತ್ತು."

"ಏನು ಬರ್ತಿತ್ತು?"

"ಚೀಟಿ. ಹಳದಿ ಚೀಟಿ."

ಆಮೇಲೆ ನಿಧಾನಕ್ಕೆ ಹೇಳಿದರು. ಜನವರಿ ಒಂದರಿಂದ ದಿನವೂ ಬೆಳಗ್ಗೆ ಏಳಕ್ಕೆ ಪರದೆಯ ಮೇಲೆ ಒಂದು ಹಳದಿ ಚೀಟಿ ತೆರೆಯುತ್ತಿತ್ತು. ಒತಿಲಿಯಾ ಬರೆದದ್ದು. ಇವತ್ತು ಕಸದವನು ಬರುವ ದಿನ. ಇವತ್ತು ಮಗಳಿಗೆ ಫೋನು ಮಾಡು, ನೀಲಿ ಗುಂಡಿ ಒತ್ತು. ಆ ಕಂದು ಶರ್ಟು ಬಿಸಾಕು, ಇನ್ನೂ ಹಾಕ್ಕೊಂಡಿರ್ತೀಯ ಅಂತ ನಂಗೊತ್ತು. ದಿನಕ್ಕೊಂದು. ಹಾಸಿಗೆಯಲ್ಲಿ ಒರಗಿ ನಾಲ್ಕು ತಿಂಗಳು ಅವಳು ಬರೆದದ್ದು ಒಂದು ವರ್ಷದ ಬೆಳಗುಗಳನ್ನು. ಇಂಥ ಗಂಟೆಗೆ ಇಂಥದ್ದು ತಾನೇ ತೆರೆಯುವ ಹಾಗೆ ಮಾಡುವುದನ್ನು ನಾನೇ ಪಾಠದಲ್ಲಿ ಹೇಳಿಕೊಟ್ಟಿದ್ದೆ. ವಾಚನಾಲಯದ ಪುಸ್ತಕ ಹಿಂದಿರುಗಿಸುವ ದಿನ ನೆನಪಾಗಲಿ ಎಂದು.

"ವರ್ಷಕ್ಕೆ ಆಗೋಷ್ಟು ಇದೆ ಅಂತ ಮೊದಲ್ನೇ ಚೀಟಿಲೇ ಹೇಳಿದ್ಲು. ಮುಂದಿಂದು ಇಣುಕಿ ನೋಡಬೇಡ, ದಿನಕ್ಕೊಂದೇ, ಅಂದ್ಲು. ನಾನು ಇಣುಕ್ಲಿಲ್ಲ. ಇಣುಕೋಕ್ ಬರೋದೂ ಇಲ್ಲ." ಎವರಿಸ್ತೊ ಚೀಲವನ್ನು ನನ್ನ ಕಡೆ ತಳ್ಳಿದರು. "ಒಳಗೇ ಇರತ್ತೆ ಅಲ್ವಾ? ನೀವು ಎಲ್ಲಾ ತೆಗ್ದಿಟ್ಟಿರ್ತೀರಲ್ಲ."

ಲೆಕ್ಕ ತಾನಾಗಿ ಬಂತು. ಶನಿವಾರಕ್ಕೆ ನೂರ ಹದಿನಾರು ದಿನ. ಇನ್ನೂರ ನಲವತ್ತೊಂಬತ್ತು ಬೆಳಗು ಬಾಕಿ. ಎಲ್ಲವೂ ಚುಕ್ಕಿಯ ಹಿಂದೆ ಇದ್ದವು.

"ತಪ್ಪಾಗಿದೆ, ದೋನ್ ಎವರಿಸ್ತೊ," ಎಂದೆ. "ನಕಲಾಗೋವಾಗ ಅದು... ಅದು ಬಿಟ್ಟೋಗಿದೆ." ಅಷ್ಟೇ ಹೇಳಿದೆ. ಬಿಟ್ಟುಹೋಯಿತು ಎಂದೆ, ಬಿಟ್ಟೆ ಎನ್ನಲಿಲ್ಲ. ಆಮೇಲೆ ಅಳು ಬಂತು, ತಡೆಯಲಾಗಲಿಲ್ಲ.

ಅವರು ಗಾಬರಿಯಾದರು. ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟರು. "ಸಿಗತ್ತೇನೋ ನೋಡಿ," ಎಂದರು. "ಆತುರ ಇಲ್ಲ." ಚೀಲವನ್ನು ಅಲ್ಲೇ ಬಿಟ್ಟು ಹೋದರು.

ಒರೆಸಿದ ಡಿಸ್ಕಿನಿಂದ ಹಳೆಯ ಅಕ್ಷರ ಹೆಕ್ಕಿ ತೆಗೆಯುವ ಉಪಾಯ ಇದೆ. ಹೊಸದು ಯಾವುದರ ಮೇಲೆ ಕೂತಿದೆಯೋ ಅದು ಹೋಯಿತು, ಕೂರದೆ ಬಿಟ್ಟದ್ದು ಮಾತ್ರ ಸಿಗುತ್ತದೆ, ಅದೂ ಹೆಸರಿಲ್ಲದೆ, ತುಂಡು ತುಂಡಾಗಿ. ನಾಲ್ಕು ದಿನ ಯಂತ್ರ ಹೆಕ್ಕಿತು. ಮೂವತ್ತು ಸಾವಿರ ತುಂಡುಗಳು ಬಂದವು. ಪಾಠ ನಿಲ್ಲಿಸಿದೆ. ಬೆಳಗ್ಗೆ ವಾಚನಾಲಯ ತೆಗೆದಾಗ ಕೂತರೆ ಸಂಜೆ ಬಾಗಿಲು ಹಾಕುವವರೆಗೆ ಒಂದೊಂದನ್ನೂ ಓದಿದೆ. ನಸರೆನೊ ತನ್ನ ಪಾಳಿ ಮುಗಿಸಿ ಬಂದು ಇನ್ನೊಂದು ಯಂತ್ರದಲ್ಲಿ ಓದುತ್ತಿದ್ದ. ಆ ಶನಿವಾರದ ಮಾತನ್ನು ಅವನು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಹಾಯೆನಿಸುತ್ತಿತ್ತು.

ಹೆಚ್ಚಿನವು ಯಂತ್ರದ ಕಸ. ಮೂರನೆಯ ದಿನ ಮೊದಲನೆಯದು ಸಿಕ್ಕಿತು.

"3 ಜೂನ್. ಮುದುಕಾ, ಚಳಿ ಶುರು ಆಗಿರತ್ತೆ. ನಿಂಬೆ ಗಿಡಕ್ಕೆ ಹಳೇ ಕಂಬಳಿ ಹೊದಿಸು. ಹರಿದಿರೋದು. ಒಳ್ಳೇದನ್ನ ಹೊದಿಸ್ಬೇಡ, ಅದು ನಿನಗೆ."

ಓದಿದ ಕೂಡಲೇ ಅವಳ ದನಿ ಕೇಳಿಸಿತು. ಆರು ತಿಂಗಳಾಗುತ್ತ ಬಂದಿತ್ತು ಆ ದನಿ ಕೇಳಿ. ಆಮೇಲೆ ಒಂದೊಂದಾಗಿ ಸಿಕ್ಕವು. ಮೆಟ್ಟಿಲಿನ ಬಲ್ಬು ಹೋದರೆ ನೀನು ಏಣಿ ಹತ್ತಬೇಡ, ನಸರೆನೊಗೆ ಹೇಳು ಎಂದು ಒಂದು. ಅದನ್ನು ಓದಿದವನು ನಸರೆನೊ. ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಮಗಳು ಬಂದಾಗ ಸೂಪಿಗೆ ಕುಂಬಳಕಾಯಿ ಹಾಕು, ಅವಳು ಬೇಡ ಅಂದರೂ ತಿನ್ನುತ್ತಾಳೆ ಎಂದು ಇನ್ನೊಂದು. ಒಂದಕ್ಕೆ ತಾರೀಕು ಇರಲಿಲ್ಲ, ಮೇಲಿನ ಭಾಗ ಹರಿದುಹೋಗಿತ್ತು. ಉಳಿದದ್ದು ಇಷ್ಟೇ:

"...ಇವತ್ತು ಏನೂ ಕೆಲ್ಸ ಇಲ್ಲ. ಸುಮ್ನೆ ಬಂದೆ."

ಒಟ್ಟು ಒಂಬತ್ತು. ಕೊನೆಗೆ ಸಿಕ್ಕಿದ್ದು ಮುಂದಿನ ವಾರದ ಶುಕ್ರವಾರ ಮಧ್ಯಾಹ್ನ.

"26 ಏಪ್ರಿಲ್, ಶನಿವಾರ. ಮುದುಕಾ, ಇವತ್ತು ವಾಚನಾಲಯದಲ್ಲಿ ಕಂಪ್ಯೂಟರ್ ದಿನ. ಇಷ್ಟರಲ್ಲಿ ಇದು ನಿಧಾನ ಆಗಿರತ್ತೆ, ತಗೊಂಡ್ ಹೋಗು. ಗ್ರಿಸೆಲ್ದಾ ಕೈಗೇ ಕೊಡು, ಬೇರೆಯೋರಿಗೆ ಬೇಡ. ನನ್ ಹೂವು ನೋಡಿ ಮೂಗು ಮುರೀತಾಳೆ, ಮುರೀಲಿ. ಅವಳ ಕೈಲಿ ಏನೂ ಕಳೆಯಲ್ಲ. ಈ ಚೀಟಿಗಳನ್ನ ಅವಳಿಗೆ ತೋರ್ಸು. ಬಾ ಅಂತ ಕರೆದಿದ್ದೆ, ಪಾಪ, ಅವಳಿಗೆ ನನ್ನ ನೋಡೋಕಾಗ್ಲಿಲ್ಲ. ನಂಗೇನ್ ಬೇಜಾರಿಲ್ಲ ಅಂತ ಹೇಳು."

ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಎವರಿಸ್ತೊ ಆ ಶನಿವಾರ ಬೆಳಗ್ಗೆ ಇದನ್ನು ಓದಿಯೇ ಬಂದಿದ್ದರು. ಬೇರೆ ಮೇಜಿಗೆ ಹೋಗದೆ ನನ್ನ ಸರದಿಯಲ್ಲಿ ನಿಂತದ್ದು ಇದಕ್ಕೆ. ಟೊಪ್ಪಿ ತೆಗೆದು 'ನೋಡ್ತೀರಾ' ಎಂದದ್ದು ಇದನ್ನೇ. ಸೋಮವಾರ ನಾನು ಅಳುತ್ತ ಕೂತಾಗ ಅವರ ಬಾಯಲ್ಲಿ ಈ ಮಾತು ಇತ್ತು. ಆಡಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಒಂಬತ್ತು ಚೀಟಿಗಳನ್ನು ಕಾಗದದ ಮೇಲೆ ಮುದ್ರಿಸಿ, ಅವರು ಓದದ ಎಂಟನ್ನು ಮಡಿಸಿ ಲಕೋಟೆಯಲ್ಲಿಟ್ಟು, ಇದೊಂದನ್ನು ಮೇಲಿಟ್ಟುಕೊಂಡಿದ್ದೆ. ಅವರು ಅಡಿಗೆಮನೆಯ ಮೇಜಿನ ಮುಂದೆ ಮಾಟೆ ಬಟ್ಟಲಿಗೆ ನೀರು ಹೊಯ್ಯುತ್ತಿದ್ದರು. ಕಂದು ಶರ್ಟು ಹಾಕಿದ್ದರು.

"ಒಂಬತ್ತು ಸಿಕ್ತು," ಎಂದೆ. "ಇನ್ನು ಸಿಗಲ್ಲ."

ಅವರು ಮೇಲಿನದನ್ನು ನೋಡಿದರು. "ಇದು ಓದಿದ್ದೀನಿ."

"ಗೊತ್ತು. ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀವಾಗ್ಲೇ ಅಳ್ತಾ ಇದ್ರಿ."

ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಅವರು ಕ್ಷಮಿಸಿಬಿಟ್ಟಿದ್ದರು. ಆದರೆ ಅವರು ಕ್ಷಮಿಸಿದ್ದು ಕೈತಪ್ಪನ್ನು, ನಾನು ಮಾಡಿದ್ದು ಕೈತಪ್ಪಲ್ಲ.

"ದೋನ್ ಎವರಿಸ್ತೊ, ಅದು ಬಿಟ್ಟೋಗಿದ್ದಲ್ಲ. ನಾನೇ ಬಿಟ್ಟೆ. ನಸರೆನೊ ಕೇಳ್ದ, ಚುಕ್ಕಿ ಬೇಡ್ವಾ ಅಂತ. ನಾನು ಬೇಡ ಅಂದೆ. ಬರೀ ಅಲಂಕಾರ ಅಂದ್ಕೊಂಡೆ. ಅವಳ ಅಲಂಕಾರ ಹೋಗ್ಲಿ ಅನ್ಸಿತು ನಂಗೆ."

ಅವರು ಬಟ್ಟಲಿಗೆ ನೀರು ಹೊಯ್ದು, ತಾವೇ ಹೀರಿ ಮುಗಿಸಿದರು. ಮತ್ತೆ ಹೊಯ್ದರು. ನಮ್ಮಲ್ಲಿ ಒಂದೇ ಬಟ್ಟಲು ಮೇಜಿನ ಸುತ್ತ ಎಲ್ಲರ ಕೈಗೂ ಬರುತ್ತದೆ. ಎರಡನೆಯದು ನನಗೆ ಬರಬೇಕಿತ್ತು. ಎರಡನೆಯದನ್ನೂ ಅವರೇ ಕುಡಿದರು, ಮೂರನೆಯದನ್ನೂ. ಇಷ್ಟು ವರ್ಷಗಳಲ್ಲಿ ಆ ಮೇಜಿನಲ್ಲಿ ನನಗೆ ಬಟ್ಟಲು ತಪ್ಪಿದ್ದು ಅದೇ ಮೊದಲು.

"ಇದನ್ನ ಹೇಳ್ಬಾರದಿತ್ತು ನೀವು," ಎಂದರು ಕೊನೆಗೆ. "ಕಳೀತು ಅಂತ ನಾನು ಹೇಗೋ ಒಪ್ಕೊಂಡಿದ್ದೆ."

"ಸುಳ್ಳು ಹೇಳಿ ನಿಮ್ಮೆದುರು ಕೂರೋಕಾಗ್ಲಿಲ್ಲ."

"ಅದು ನಿಮ್ಮ ಸಮಾಧಾನಕ್ಕೆ ಆಯ್ತು."

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಎದ್ದೆ. ಬಾಗಿಲ ಹತ್ತಿರ ಹೋದಾಗ ಕರೆದರು.

"ಅದನ್ನ ಮೊದಲಿನ ಹಾಗೆ ಮಾಡೋಕೆ ಬರತ್ತಾ ನಿಮಗೆ? ಹೂವು, ಗುಂಡಿ?"

"ಬರತ್ತೆ."

"ಮತ್ತೆ ಏಳು ಗಂಟೆಗೆ ಚೀಟಿ?"

"ಎಂಟಿದೆ. ಆಯಾ ತಾರೀಕಿಗೆ ಇಡ್ತೀನಿ. ನೀವು ಈಗ ಓದ್ಬೇಡಿ."

"ಉಳಿದ ದಿನವೂ ತೆರೀಲಿ."

"ಉಳಿದ ದಿನಕ್ಕೆ ಏನೂ ಇಲ್ಲ, ದೋನ್ ಎವರಿಸ್ತೊ. ಖಾಲಿ ಚೀಟಿ ತೆರೆಯತ್ತೆ."

"ಖಾಲೀನೇ ತೆರೀಲಿ," ಎಂದರು. "ಏಳಕ್ಕೆ ನಾನು ಅಲ್ಲಿ ಕೂತಿರ್ತೀನಿ. ಏನೂ ತೆರೀದೆ ಇದ್ರೆ ಎಲ್ಲಿ ನೋಡ್ಲಿ?"

ಕುರ್ಚಿ ಎಳೆದುಕೊಂಡು ಅಲ್ಲೇ ಕೂತು ಮಾಡಿದೆ. ಅವರು ಒತಿಲಿಯಾಳ ಗುಂಡಿ ಡಬ್ಬಿ ತಂದು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಆರಿಸಿ ಕೊಟ್ಟರು. ಕೆಂಪು, ನಾಲ್ಕು ತೂತಿನದು, ಎಡಗಡೆ ಮೇಲೆ, ಅದು ಫೋಟೊ. ನೀಲಿ ಅದರ ಕೆಳಗೆ, ಮಗಳು. ಮುತ್ತಿನದು ರೇಡಿಯೊ. ಕ್ರೇನು ನಡೆಸಿದ ಕಣ್ಣು, ಬೆರಳಿನಷ್ಟು ಆಚೀಚೆಯಾದರೂ ಹೇಳುತ್ತಿದ್ದರು. "ಇನ್ನೂ ಸ್ವಲ್ಪ ಬಲಕ್ಕೆ. ಸಾಕು." ದಾಸವಾಳ ಹಾಕಿದೆ. ಸೂಜಿ ಹಾಕಿದೆ. ಕಿಟಕಿಗಳನ್ನು ನಡುಗುವ ಹಾಗೆ ಮಾಡಿದೆ, ಒತಿಲಿಯಾಳಿಗೆ ಅದನ್ನು ಹೇಳಿಕೊಡಲು ಒಲ್ಲೆನೆಂದು ಒಂದು ತಿಂಗಳು ಸತಾಯಿಸಿದ್ದೆ. ಆದರೂ ಅದು ಅವಳ ಪರದೆ ಆಗಲಿಲ್ಲ. ಎವರಿಸ್ತೊ ದೂರ ನಿಂತು ನೋಡಿ, "ಹತ್ತಿರ ಹತ್ತಿರ ಬಂತು," ಎಂದರು.

ತಾರೀಕಿಲ್ಲದ ಆ ತುಂಡನ್ನು ಏನು ಮಾಡುವುದೆಂದು ಕೇಳಬೇಕಾಯಿತು. "ಒಂದಕ್ಕೆ ದಿನ ಇಲ್ಲ. ಯಾವತ್ತಿಗೆ ಇಡ್ಲಿ?"

"ಏನಿದೆ ಅದರಲ್ಲಿ?"

"ಕೆಲ್ಸ ಏನೂ ಹೇಳಿಲ್ಲ."

ಅವರು ಗುಂಡಿಗಳನ್ನು ಡಬ್ಬಿಗೆ ತುಂಬುತ್ತ ಯೋಚಿಸಿದರು. "ನವೆಂಬರ್ ಇಪ್ಪತ್ತೊಂದಕ್ಕೆ ಇಡಿ," ಎಂದರು. "ಅವತ್ತು ನಂಗೆ ಕೆಲ್ಸ ಮಾಡೋಕಾಗಲ್ಲ."

ಅದನ್ನು ಆ ದಿನಕ್ಕಿಟ್ಟೆ. ಖಾಲಿ ಚೀಟಿಗಳನ್ನು ಒಂದೊಂದಾಗಿ ಮಾಡಬೇಕಾಗಿರಲಿಲ್ಲ, ಒಂದೇ ಸಾಲಿನಲ್ಲಿ ಆಗುತ್ತಿತ್ತು. ಆದರೂ ಒಂದೊಂದಾಗಿ ಮಾಡಿದೆ, ತಾರೀಕು ಬರೆದು. ಅದಕ್ಕೆ ಸಂಜೆಯಾಯಿತು. ಅವರು ಬಟ್ಟಲು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೇ ಹೋಯಿತು, ಜೂನ್ ಹೋಯಿತು. ಅವರ ಮನೆಯ ಮುಂದೆ ಹಾದುಹೋಗುವಾಗ ನಿಂಬೆ ಗಿಡಕ್ಕೆ ಹರಿದ ಕಂಬಳಿ ಹೊದಿಸಿದ್ದು ಕಾಣಿಸಿತು. ಎದುರು ಸಿಕ್ಕರೆ ಟೊಪ್ಪಿ ಮುಟ್ಟಿ ಮುಂದೆ ಹೋಗುತ್ತಿದ್ದರು. ನಾನು ಪಾಠ ಮತ್ತೆ ಶುರುಮಾಡಿದೆ. ಗೋಡೆಯ ಮೇಲಿನ ಸಾಲನ್ನು ಅಳಿಸಬೇಕೆನಿಸಿತು, ಅಳಿಸಲಿಲ್ಲ. ಬೆಳಗ್ಗೆ ಏಳಾದರೆ ಎಲ್ಲಿದ್ದರೂ ಗಡಿಯಾರ ನೋಡುತ್ತೇನೆ. ಆ ಹೊತ್ತಿಗೆ ಅವರು ಖಾಲಿ ಚೀಟಿಯ ಮುಂದೆ ಕೂತಿರುತ್ತಾರೆ ಎಂದು ಗೊತ್ತು. ಅದನ್ನು ಖಾಲಿ ಮಾಡಿದವಳು ನಾನು.

ಆಗಸ್ಟ್ ಹದಿನಾಲ್ಕು ನನ್ನ ಹುಟ್ಟುಹಬ್ಬ. ಒತಿಲಿಯಾ ಇದ್ದಾಗ ಬೇಕರಿಯಿಂದ ಒಂದು ಡಜನ್ ಸಿಹಿ ಬನ್ನು ತಂದು, 'ತಿನ್ನೇ, ಒಣಕಲಿ' ಎನ್ನುತ್ತಿದ್ದಳು. ಈ ಸಲ ಯಾರಿಗೂ ನೆನಪಿಸಬಾರದೆಂದು ಎಂದಿನಂತೆ ಹೋಗಿ ಯಂತ್ರಗಳ ಧೂಳು ಒರೆಸುತ್ತಿದ್ದೆ. ಹತ್ತರ ಹೊತ್ತಿಗೆ ಎವರಿಸ್ತೊ ಬಂದರು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಒಂದು ಕೈಯಲ್ಲಿ ಮಾಟೆ ಬಟ್ಟಲು, ಇನ್ನೊಂದರಲ್ಲಿ ದಾರ ಕಟ್ಟಿದ ಬೇಕರಿಯ ಪೊಟ್ಟಣ.

"ಯಾರ್ ಹೇಳಿದ್ರು ನಿಮಗೆ?" ಎಂದೆ.

"ಚೀಟಿ."

"ಇವತ್ತಿಂದು ಖಾಲಿ. ನಾನೇ ಇಟ್ಟಿದ್ದು."

"ಖಾಲೀನೇ ಇತ್ತು," ಎಂದರು. ಕುರ್ಚಿ ಎಳೆದು ಕೂತು ಪೊಟ್ಟಣದ ದಾರ ಬಿಚ್ಚಿದರು. "ಆದ್ರೆ ಇವತ್ತಿಗೆ ಇದೇ ಬರ್ದಿರ್ತಾಳೆ ಅಲ್ವಾ? ಗ್ರಿಸೆಲ್ದಾ ಹುಟ್ಟಿದ್ ದಿನ, ಬನ್ನು ತಗೊಂಡ್ ಹೋಗು ಅಂತ. ಅವಳು ಮರೆಯೋಳಲ್ಲ. ದಿನಾ ಕೂತು ಹೀಗೇ ಓದ್ತೀನಿ ನಾನು. ಇಷ್ಟು ವರ್ಷ ಜತೆಗಿದ್ದೋನಿಗೆ ಸುಮಾರಾಗಿ ಗೊತ್ತಾಗತ್ತೆ. ಕೆಲವು ದಿನ ಗೊತ್ತಾಗಲ್ಲ. ಆಗ ಸುಮ್ನೆ ಕೂತಿರ್ತೀನಿ."

ಮೊದಲ ಬಟ್ಟಲನ್ನು ತಾವು ಕುಡಿದರು. ಎರಡನೆಯದಕ್ಕೆ ನೀರು ಹೊಯ್ದು, ಕೈಚಾಚಿ, ನನ್ನ ಕೀಬೋರ್ಡಿನ ಪಕ್ಕಕ್ಕೇ ಇಟ್ಟರು. ನಾನು ಅದನ್ನು ಅಲ್ಲಿಂದಲೇ ತೆಗೆದುಕೊಂಡು ಕುಡಿದೆ.